ಅರ್ಧ ಉಸಿರು ಮುಂಚೆ

ಟೇಪಿನ ಡಬ್ಬಿಯನ್ನು ಎಡ ಕಂಕುಳಲ್ಲಿ ಒತ್ತಿಕೊಂಡೇ ತುಲ್ಲಿಯೊ ಶವಪೆಟ್ಟಿಗೆಗೆ ಬಲ ಹೆಗಲು ಕೊಟ್ಟ. ಬೆರ್ಗಾಮೊದ ಮೇಲೂರಿನ ಏರು ಬೀದಿ.

"ಅದನ್ನ ನನ್ ಕೈಗೆ ಕೊಟ್ಬಿಡಯ್ಯಾ," ಎಂದ ಪಕ್ಕದಲ್ಲಿ ಬರುತ್ತಿದ್ದ ಕೊರ್ರಾದೊ. ಅವನು ಮಿಲಾನಿನ ರೆಕಾರ್ಡು ಕಂಪನಿಯವನು. "ಮಧ್ಯಾಹ್ನದ ರೈಲು ಹಿಡೀಬೇಕು. ಎಲ್ಲಾ ಶುದ್ಧ ಆಯ್ತು ತಾನೆ?"

"ಆಯ್ತು. ಪೂಜೆ ಮುಗೀಲಿ, ಕೊಡ್ತೀನಿ."

ಹಿಂದೆ ಬರುತ್ತಿದ್ದ ಎರ್ಸಿಲಿಯಾ, ಸತ್ತವನ ಹೆಂಡತಿ, ಕೇಳಿಸಿಕೊಂಡಳು. "ಶುದ್ಧ ಅಂದ್ರೆ? ನಮ್ಮ ಅಮೆದಿಯೊ ದನಿ ತೆಗೆದದ್ದಾ?"

"ಅದು ಬರೀ ಪಿಸುಮಾತು, ಸಿನ್ಯೋರಾ. ಜನಕ್ಕೆ ಹಾಡು ಬೇಕು," ಎಂದ ಕೊರ್ರಾದೊ.

"ಮನೇಲೂ ಪಿಸುದನೀಲೇ ಮಾತಾಡ್ತಿದ್ದ. ಗೊರಕೆ ಮಾತ್ರ ಜೋರು."

ಹೊತ್ತವರು ನಕ್ಕರು, ಪೆಟ್ಟಿಗೆ ಅಲುಗಿತು. ಎರ್ಸಿಲಿಯಾ ನಗಲಿಲ್ಲ. "ಅವನ ದನಿ ನಂಗೆ ಬೇರೆಲ್ಲೂ ಸಿಗಲ್ಲ ಕಣೋ ಮಗಾ," ಎಂದಳು ತುಲ್ಲಿಯೊಗೆ.

*

ಟೇಪಿನಲ್ಲಿದ್ದ, ವಲ್ಸೆಕ್ಕಿ ಬರೆದ ಆ ಆಪೆರಾವನ್ನು ನೂರೈವತ್ತು ವರ್ಷ ಯಾರೂ ಹಾಡಿರಲಿಲ್ಲ. ಇಗರ್ಜಿಯೊಂದರ ಕಪಾಟಿನಲ್ಲಿ ಸಿಕ್ಕ ಬಿಡಿ ಹಾಳೆಗಳನ್ನು ಜೋಡಿಸಿ, ಊರಿನ ರಂಗಮಂದಿರದಲ್ಲಿ ಒಂದೇ ಒಂದು ಸಲ ಆಡಿದರು. ತಾಲೀಮು ಸಾಲದೆ ಯಾರಿಗೂ ಬಾಯಿಪಾಠವಾಗಿರಲಿಲ್ಲ. ರಂಗದ ಅಂಚಿನ ಗೂಡಿನಲ್ಲಿ ಕುತ್ತಿಗೆಯವರೆಗೆ ಹುದುಗಿ ಕುಳಿತ ಅಮೆದಿಯೊ ಪ್ರತಿ ಸಾಲಿನ ಮೊದಲ ಪದವನ್ನು ಅರ್ಧ ಉಸಿರು ಮುಂಚೆ ಎತ್ತಿಕೊಟ್ಟ. ಅವನ ಜೀವಮಾನದ ಕೆಲಸವೇ ಅದು.

ಅಂದು ಹಾಡನ್ನೆಲ್ಲ ಟೇಪಿಗೆ ಹಿಡಿದ ತುಲ್ಲಿಯೊ ಒಂದು ಮೈಕನ್ನು ಆ ಗೂಡಿಗೆ ತೀರ ಹತ್ತಿರ ಇಟ್ಟಿದ್ದ. ಆದ್ದರಿಂದ ಈ ಬೇಸಿಗೆಯೆಲ್ಲ ಮೂಲ ಟೇಪಿನ ನಕಲನ್ನು ಮುಂದಿಟ್ಟುಕೊಂಡು, ಸಾಲುಗಳ ನಡುವಿನ ಪಿಸುಮಾತನ್ನು ಒಂದೊಂದಾಗಿ ಬ್ಲೇಡಿನಿಂದ ಕೊಯ್ದು ತೆಗೆದ. ಕಣ್ಣು ಸೋತಿತ್ತು, ಬೆರಳು ಮರಗಟ್ಟಿತ್ತು.

*

ಇಗರ್ಜಿಯಲ್ಲಿ ವಾಂಡಾ ಎದ್ದು ನಿಂತಳು. ಅಂದು ನಾಯಕಿಯಾಗಿ ಹಾಡಿದವಳು. ಇಂದು ಅದೇ ಆಪೆರಾದ ಪ್ರಾರ್ಥನೆಯನ್ನು ಹಾಡಬೇಕಿತ್ತು. ಆರ್ಗನ್ ಪೀಠಿಕೆ ನುಡಿಸಿ ನಿಂತಿತು. ಅವಳು ಬಾಯಿ ತೆರೆದಳು, ಪದ ಬರಲಿಲ್ಲ. ಆರ್ಗನ್ ಮತ್ತೆ ನುಡಿಸಿತು. ಅವಳ ಕಣ್ಣು ವಾದಕನ ಕಡೆಗಿರಲಿಲ್ಲ, ಕೆಳಗೆ ಶವಪೆಟ್ಟಿಗೆಯ ಮೇಲಿತ್ತು.

"ಏನಾಯ್ತೇ?" ಎಂದಳು ಎರ್ಸಿಲಿಯಾ.

"ಮಾಯೆಸ್ತ್ರೊ ಅಮೆದಿಯೊ ಎತ್ತಿಕೊಡ್ಲಿಲ್ಲ," ಎಂದಳು ವಾಂಡಾ.

ತುಲ್ಲಿಯೊ ಡಬ್ಬಿಯನ್ನು ನೆಲಕ್ಕಿಟ್ಟು ಶವಪೆಟ್ಟಿಗೆಯ ಹಿಂದೆ ಮಂಡಿಯೂರಿದ. ತಾನೇ ಕೊಯ್ದು ಕಸಕ್ಕೆ ಹಾಕಿದ ಪದ. ಅದರ ಮುಂಚಿನ ಸಣ್ಣ ಉಸಿರಿನ ಸಮೇತ ಅವನಿಗೆ ನೆನಪಿತ್ತು.

"ಸಂಜೆಯಾಯಿತು..." ಪಿಸುಗುಟ್ಟಿದ.

ವಾಂಡಾ ಹಾಡಿದಳು. ಅವನು ಮುಂದಿನದನ್ನು ಕೊಟ್ಟ. ಎರ್ಸಿಲಿಯಾ ಕಣ್ಣು ಮುಚ್ಚಿ, ಹಾಡನ್ನು ಬಿಟ್ಟು, ಹಾಡಿಗೆ ಮುಂಚಿನ ಪಿಸುಮಾತನ್ನು ಆಲಿಸುತ್ತಿದ್ದಳು.

ಪೂಜೆ ಮುಗಿದು ಪೆಟ್ಟಿಗೆ ಎತ್ತುವಾಗ ಕೊರ್ರಾದೊ ಅವಸರದಿಂದ ಬಂದ. "ಡಬ್ಬಿ ಎಲ್ಲಯ್ಯಾ?"

"ಅದು ಬೇಡ. ಮೂಲ ಟೇಪೇ ಕೊಡ್ತೀನಿ, ಸಂಜೆ ರೈಲಿಗೆ ಹೋಗು."

"ಅದ್ರಲ್ಲಿ ಮುದುಕನ ದನಿ ಇದೆಯಲ್ಲೋ!"

ತುಲ್ಲಿಯೊ ಆಗಲೇ ಹೆಗಲು ಕೊಟ್ಟಿದ್ದ, ಈ ಸಲ ಎರಡೂ ಕೈಯಿಂದ ಹಿಡಿದು. ಶವಪೆಟ್ಟಿಗೆ ಇದ್ದ ಜಾಗದ ಹಿಂದೆ, ನೆಲದ ಮೇಲೆ ಡಬ್ಬಿ ಉಳಿದಿತ್ತು. ಅದರ ಮುಚ್ಚಳಕ್ಕೆ ಪಕ್ಕದ ಮೇಣದಬತ್ತಿಯಿಂದ ಹನಿಯೊಂದು ಬಿದ್ದು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು.