ಎಂಪ್ಟಿಗೆ ಬಣ್ಣವಿಲ್ಲ

೧

ಈ ಕಥೆಯನ್ನು ಮಂಚದಿಂದ ಶುರು ಮಾಡಲೋ, ಮಂಚದಲ್ಲಿ ಇಲ್ಲದವಳಿಂದಲೋ? (ಡಿಕ್ಷನರಿಯಿಂದ ಶುರುವಾದ ಡ್ರಾಫ್ಟ್ ಓದುತ್ತಾ ನಾನೇ ನಿದ್ದೆ ಹೋದೆ. ನಿಮಗೆ ಆ ಸುಖವಿಲ್ಲ.)

೨

ಆದರೂ ಡಿಕ್ಷನರಿ ಬಿಡುವುದಿಲ್ಲ. ಎಂಪ್ಟಿ ಅಂದರೆ ಖಾಲಿ. ವೇಕೆಂಟ್ ಅಂದರೂ ಖಾಲಿ. ಒಂದರಲ್ಲಿ ಏನೂ ಇಲ್ಲ, ಅಷ್ಟೆ. ಇನ್ನೊಂದಕ್ಕೆ ಬೇರೆ ಯಾರು ಬೇಕಾದರೂ ಬರಬಹುದು. ಕನ್ನಡ ಎರಡಕ್ಕೂ ಒಂದೇ ಪದ ಕೊಟ್ಟು ಕೈತೊಳೆದುಕೊಂಡಿದೆ.

ನನ್ನ ನಾಯಕ ಆಸ್ಪತ್ರೆಯ ಅಡ್ಮಿಷನ್ ಗುಮಾಸ್ತ. ಅವನ ಬೆನ್ನ ಹಿಂದೆ ಬೋರ್ಡು. ಪ್ರತಿ ಮಂಚಕ್ಕೂ ಒಂದು ಬಿಲ್ಲೆ. ಕೆಂಪು ಮುಖ ಆಕ್ಯುಪೈಡ್, ಹಸಿರು ಮುಖ ವೇಕೆಂಟ್. ಎಂಪ್ಟಿಗೆ ಬಣ್ಣವಿಲ್ಲ.

ಕಿಟಕಿ ಪಕ್ಕದ ಮಂಚ ಅವನ ಹೆಂಡತಿಯದು. ಬೆಳಿಗ್ಗೆ ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ ಅವಳು ಹೇಳಿದ್ದಳು, “ರೀ, ನಾನು ಬರೋಷ್ಟರಲ್ಲಿ ನನ್ ಜಾಗ ಯಾರಿಗಾದ್ರೂ ಕೊಟ್ಟುಬಿಟ್ಟೀರಾ. ನಿಮ್ ಡ್ಯೂಟಿ ನಿಯತ್ತು ನಂಗೊತ್ತು.”

೩

(ಇಲ್ಲಿ ಒಂದಿಡೀ ಪ್ಯಾರಾ ಫಿನಾಯಿಲ್ ವಾಸನೆ ಇತ್ತು. ಹೊಡೆದು ಹಾಕಿದ್ದೇನೆ. ಆ ವಾಸನೆ ನಿಮಗೆ ಗೊತ್ತಿರುತ್ತದೆ.)

ಮಧ್ಯಾಹ್ನ, ಬೋರ್ಡಿನಲ್ಲಿ ಒಂದೂ ಹಸಿರು ಇಲ್ಲದ ಹೊತ್ತಿಗೆ, ಒಂದು ಸ್ಟ್ರೆಚರ್ ಬಂತು. ಮೇಲೆ ಒಬ್ಬ ಮುದುಕ, ಉಸಿರನ್ನು ಬಾವಿಯಿಂದ ಸೇದುತ್ತಿರುವಂತೆ. ಪಕ್ಕದಲ್ಲಿ ಮಗಳು.

“ಅಣ್ಣಾ, ಆ ಕಿಟಕಿ ಪಕ್ಕದ್ದು ಖಾಲಿ ಇದೆಯಲ್ಲಾ?”

“ಖಾಲಿ ಇದೆ. ಖಾಲಿ ಆಗಿಲ್ಲಮ್ಮಾ.”

ಅಷ್ಟರಲ್ಲಿ ಕೌಂಟರಿನ ಫೋನು ಬಡಿದುಕೊಂಡಿತು. “ಆಪರೇಷನ್ ಥಿಯೇಟರ್‌ನವರು ಇರ್ಬೇಕು, ಎತ್ತಪ್ಪಾ,” ಅಂದರು ಹೆಡ್ ನರ್ಸ್.

ಗುಮಾಸ್ತ ಎತ್ತಲಿಲ್ಲ.

೪

ಮುಕ್ತಾಯ ಒಂದು: ಹೆಂಡತಿ ವಾಪಸ್ ಬಂದು, “ಪರವಾಗಿಲ್ವೇ, ಜಾಗ ಉಳಿಸಿದ್ದೀರಾ,” ಅನ್ನುತ್ತಾಳೆ.

“ಸಾರ್, ಇದನ್ನ ನೀವೇ ನಂಬಲ್ಲ,” ಅಂದ ಗುಮಾಸ್ತ.

ಮುಕ್ತಾಯ ಎರಡು: ಅವನು ಬಿಲ್ಲೆಯನ್ನು—

“ಪೆನ್ ಕೆಳಗಿಡಿ ಸಾರ್.”

“ಮತ್ತೆ ಏನಯ್ಯಾ ಬರೀಲಿ?”

“ಏನೂ ಬೇಡ. ನೀವು ಬರೆಯೋವರ್ಗೂ ಅವಳು ಒಳಗಿದ್ದಾಳೆ.”

“ಆ ಮುದುಕ?”

ಅವನು ಸ್ಟ್ರೆಚರಿನ ಕಡೆ ನೋಡಲಿಲ್ಲ. ಕೆಂಪು ಬಿಲ್ಲೆಯ ಮೇಲೆ ಅಂಗೈ ಒತ್ತಿ ನಿಂತ.

೫

ಮುಕ್ತಾಯ ಮೂರು ಇಲ್ಲ. (ಇದ್ದಿದ್ದರೆ ಇಷ್ಟೊತ್ತು ಜೋಕು ಮಾಡುತ್ತಾ ಕೂರುತ್ತಿದ್ದೆನೇ?) ನಾನು ಮುಂದುವರಿದರೆ ಅವನು ಫೋನು ಎತ್ತಬೇಕು. ನಿಲ್ಲಿಸಿದರೆ ಮುದುಕ ಕಾರಿಡಾರಿನಲ್ಲೇ, ಇದೇ ಉಸಿರಿನಲ್ಲೇ ಉಳಿಯುತ್ತಾನೆ.

ಫೋನು ನಿಂತು, ಮತ್ತೆ ಶುರುವಾಯಿತು.

ಮಗಳು ಗುಮಾಸ್ತನನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ನೀವಾದ್ರೂ ಹೇಳಿ ಸಾರ್. ಬರೆಯೋರು ನೀವೇ ಅಲ್ವಾ?”

ಅವಳು ಸ್ಟ್ರೆಚರನ್ನು ಒಂದು ಗೇಣು ಮುಂದಕ್ಕೆ ತಳ್ಳಿದಳು.

ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೇನೆ.