ತೊಗಟೆಗೆ ಕಟ್ಟಿದ ಸೇತುವೆ

ಕಸಿಯಮ್ಮನ ಎಡಗೈ ಹೆಬ್ಬೆರಳಿಗೂ ಅವಳ ಕಿತ್ತಳೆ ಮರಕ್ಕೂ ಒಂದೇ ವಾರದಲ್ಲಿ ಪೆಟ್ಟು ಬಿತ್ತು. ಹೆಬ್ಬೆರಳಿನದು ಅವಳದೇ ತಪ್ಪು. ಜೀವಮಾನವಿಡೀ ಕಸಿ ಕಟ್ಟಿಕೊಂಡು ಬಂದವಳು, ಅವತ್ತು ಗಿರಾಕಿಯ ಹತ್ತಿರ ಹರಟುತ್ತಾ ಚೂರಿ ಆಡಿಸಿದಳು. ಚೂರಿ ಜಾರಿತು, ಬೆರಳು ಮಡಚುವ ಹುರಿ ಕಚಕ್ಕನೆ ತುಂಡಾಯಿತು. ಮರದ್ದು ಮಾತ್ರ ಮೈದುನನ ಕೃಪೆ. ಅತ್ತಿಗೆ ಆಸ್ಪತ್ರೆಯಲ್ಲಿದ್ದಾಳೆ, ನರ್ಸರಿಯಲ್ಲಿ ಹುಲ್ಲು ಎದ್ದಿದೆ, ಒಂದು ಉಪಕಾರ ಮಾಡೋಣ ಎಂದು ಆ ಪುಣ್ಯಾತ್ಮ ಹುಲ್ಲು ಕತ್ತರಿಸುವ ಯಂತ್ರ ಬಾಡಿಗೆಗೆ ತಂದ. ಕೆಲವರ ಉಪಕಾರವನ್ನು ತಡೆಯಲು ದೇವರಿಂದಲೂ ಆಗುವುದಿಲ್ಲ. ಬುಡದ ಹುಲ್ಲು ಒಂದು ಎಸಳೂ ಉಳಿಯಬಾರದೆಂದು ಅವನು ಮರವನ್ನು ಸುತ್ತಿ ಬಂದ, ಯಂತ್ರದ ಅಲಗೂ ಸುತ್ತಿ ಬಂತು. ನಾಲ್ಕು ಬೆರಳಗಲದ ತೊಗಟೆ ಸುತ್ತಲೂ ಹಾರಿಹೋಯಿತು.

ಅವಳು ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ಮೈದುನ ನಗುನಗುತ್ತಲೇ ಎದುರಾದ.

"ಸಿಪ್ಪೆ ತಾನೆ ಅತ್ತಿಗೆ ಹೋಗಿದ್ದು? ನೋಡಿ, ಎಲೆ ಎಷ್ಟು ಹಸಿರಾಗಿದೆ. ಮರಕ್ಕೆ ಏನೂ ಆಗಿಲ್ಲ."

"ಎಲೆಗೆ ಇನ್ನೂ ಸುದ್ದಿ ಮುಟ್ಟಿಲ್ಲ ಕಣೋ," ಎಂದಳು ಕಸಿಯಮ್ಮ. "ನೀರು ಹತ್ತೋದು ಒಳಗಿನ ಕಟ್ಟಿಗೇಲಿ, ಅದು ಹತ್ತುತ್ತಾ ಇದೆ. ಎಲೆ ಬೇಯಿಸಿದ ಊಟ ಕೆಳಗಿಳಿಯೋದು ತೊಗಟೆ ಒಳಪದರದಲ್ಲಿ. ಆ ದಾರೀನ ನೀನು ಸುತ್ತಲೂ ಕಡಿದು ಹಾಕಿದ್ದೀಯ. ಈಗ ಬೇರು ಉಪವಾಸ. ಬೇರು ಸತ್ತ ಮೇಲೆ ಎಲೆಗೆ ಗೊತ್ತಾಗುತ್ತೆ."

ಮೈದುನನ ನಗು ಇಳಿಯಿತು. ಆದರೂ ಅವನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಹೋಗಲಿ ಬಿಡಿ, ಇದರ ಚಿಗುರುಗಣ್ಣು ತೆಗೆದು ಕಸಿ ಕಟ್ಟಿದ ಮರಿ ಗಿಡಗಳು ಸಾಲುಸಾಲು ಇವೆಯಲ್ಲ?"

"ನಿನಗೂ ಮಗ ಇದ್ದಾನೆ. ಹಾಗಂತ ನಿನ್ನನ್ನ ಸಾಯೋಕೆ ಬಿಡೋಣ್ವಾ?"

ಅವನು ಯಂತ್ರ ವಾಪಸು ಕೊಡುವ ನೆಪದಲ್ಲಿ ಜಾಗ ಖಾಲಿ ಮಾಡಿದ. ಅವಳು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳ ಅಮ್ಮ ಬೀಜದಿಂದ ಎಬ್ಬಿಸಿದ ಮರ ಅದು. ನರ್ಸರಿ ಎನ್ನುವುದು ಇನ್ನೂ ಕನಸಾಗಿದ್ದಾಗ ಅಮ್ಮ ಇದೇ ನೆರಳಲ್ಲಿ ಕೂತು ಮಗಳ ಕೈಗೆ ಮೊದಲ ಸಲ ಚೂರಿ ಕೊಟ್ಟಿದ್ದಳು. ಅಮ್ಮ ಹೋದಳು. ಮರವನ್ನೂ ಕಳಿಸಿಕೊಡುವ ಮನಸ್ಸು ಕಸಿಯಮ್ಮನಿಗೆ ಎಳ್ಳಷ್ಟೂ ಇರಲಿಲ್ಲ.

ದಾರಿ ಒಂದೇ ಇತ್ತು, ಸೇತುವೆ ಕಸಿ. ಗಾಯದ ಕೆಳಗಿನ ತೊಗಟೆಯಿಂದ ಮೇಲಿನ ತೊಗಟೆಗೆ ಹಸಿ ಕಡ್ಡಿಗಳನ್ನು ಕೂರಿಸಬೇಕು. ಹಿಡಿದುಕೊಂಡರೆ ಊಟ ಕಡ್ಡಿಯ ಮೂಲಕ ಬೇರಿಗೆ ಇಳಿಯುತ್ತದೆ. ಅದಕ್ಕೆ ಎರಡು ಕೈ ಬೇಕು, ಎರಡರಲ್ಲೂ ಹೆಬ್ಬೆರಳು ಬೇಕು. ತೊಗಟೆ ಸುಲಭವಾಗಿ ಬಿಡಿಸಿಕೊಳ್ಳುವ ಚಿಗುರಿನ ಕಾಲವೂ ಆಗಲೇ ಸರಿದುಹೋಗುತ್ತಿತ್ತು.

ನಾಲ್ಕು ದಿನ ಬಿಟ್ಟು ಡ್ರೆಸ್ಸಿಂಗ್ ಬದಲಿಸುವಾಗ ಅವಳು ಡಾಕ್ಟರಮ್ಮನನ್ನು ಕೇಳಿಯೇಬಿಟ್ಟಳು. "ಗಾಯ ಕೂಡಿಕೊಂಡ ಹಾಗಿದೆ. ಒಂದು ಗಳಿಗೆ ಈ ಪಟ್ಟಿ ಬಿಚ್ಚಿ ಒಂದು ಚಿಕ್ಕ ಕೆಲಸ ಮಾಡಿಕೊಳ್ಳಲಾ?"

"ಕೂಡಿಕೊಂಡಿರೋದು ಚರ್ಮ," ಎಂದರು ಡಾಕ್ಟರಮ್ಮ. "ಚರ್ಮ ಮೈಗೆ ಕಾವಲು, ಅದಕ್ಕೆ ರಕ್ತ ಧಾರಾಳ, ಬೇಗ ಮಾಗುತ್ತೆ. ಹುರಿಯ ಕಥೆ ಬೇರೆ. ಮುಂಗೈ ಸ್ನಾಯು ಎಳೀಬೇಕು, ಆ ಎಳೆತಾನ ಹುರಿ ಮೂಳೆಗೆ ಮುಟ್ಟಿಸಬೇಕು, ಆಗ ಬೆರಳು ಮಡಚುತ್ತೆ. ಅದಕ್ಕೆ ಬರೋ ರಕ್ತ ಚೂರುಪಾರು, ಅದು ನಿಧಾನ. ನಾನು ಹೊಲಿದಿರೋದು ಈಗ ಕಿತ್ತರೆ ಇನ್ನೊಂದು ಸಲ ಹೊಲಿಯೋಕೆ ಅಲ್ಲಿ ಏನೂ ಉಳಿದಿರಲ್ಲ. ಮೇಲಿಂದ ನೋಡಿ ಮೋಸಹೋಗಬೇಡಿ."

"ಮೈದುನನಿಗೆ ನಾನು ಹೇಳಿದ್ದೂ ಇದೇ," ಎಂದು ಗೊಣಗಿಕೊಂಡು ಅವಳು ಮನೆಗೆ ಬಂದಳು.

ಮನೆಯಲ್ಲಿ ಇನ್ನೆರಡು ಕೈಗಳಿದ್ದವು. ಅವಳ ಗಂಡ ದರ್ಜಿ. ನರ್ಸರಿಯ ಮುಂಭಾಗದ ಕೋಣೆಯಲ್ಲೇ ಅವನ ಅಂಗಡಿ. ಸವೆದ ಕಾಲರು ತಿರುಗಿಸಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಮದುವೆಯಾದಾಗಿನಿಂದ ಮಣ್ಣು ಮುಟ್ಟಿದವನಲ್ಲ; ಮುಟ್ಟಿದರೆ ಬಿಳಿ ಬಟ್ಟೆಗೆ ಕಲೆಯಾಗುತ್ತದೆ ಎಂಬುದು ಅವನ ಖಾಯಂ ನೆಪ.

"ನಾನಾ?" ಎಂದ ದರ್ಜಿ, ಹಲ್ಲಿನ ನಡುವಿನ ಗುಂಡುಸೂಜಿ ತೆಗೆದು. "ನಾನು ಕೊತ್ತಂಬರಿ ನೆಟ್ಟರೂ ಬರಲ್ಲ."

"ನೆಡೋದು ಬೇಡ ರೀ. ತೇಪೆ ಹಾಕೋದು. ಅಷ್ಟೆ."

ತೇಪೆ ಎಂದ ಮೇಲೆ ಅವನು ಎದ್ದ. ಕಡ್ಡಿ ಹೇಗೆ ಆರಿಸಬೇಕು, ಬುಡ ಯಾವುದು ತುದಿ ಯಾವುದು, ತುದಿಗಳನ್ನು ಹೇಗೆ ಓರೆಯಾಗಿ ಕೊಯ್ಯಬೇಕು, ತೊಗಟೆಯನ್ನು ಎಲ್ಲಿ ಸೀಳಿ ಬಿಡಿಸಬೇಕು ಎಂದು ಅವಳು ಬೇಡದ ಕೊಂಬೆಯೊಂದರ ಮೇಲೆ ತೋರಿಸಿಕೊಟ್ಟಳು. ಅವನು ಎರಡೇ ಸಲಕ್ಕೆ ಕಲಿತ. ಗಾಯ ನೆಲಕ್ಕೆ ತೀರ ಹತ್ತಿರವಿತ್ತು. ಅವನು ಚಾಪೆ ಹಾಸಿಕೊಂಡು ಬೋರಲು ಮಲಗಿ ಕೆಲಸಕ್ಕಿಳಿದ. ಹಿಂದೆ ಸ್ಟೂಲಿನ ಮೇಲೆ ಕೂತ ಕಸಿಯಮ್ಮನಿಗೆ ಕಾಣುತ್ತಿದ್ದದ್ದು ಗಂಡನ ಅಂಗಾಲು ಮಾತ್ರ. ಚೂರಿ ಚೊಕ್ಕವಾಗಿರಲಿ, ಕೂಡಿಸಿದ ಕಡೆ ಮೇಣ ಸಂದಿಲ್ಲದ ಹಾಗೆ ಬಳಿಯಿರಿ ಎಂದು ಅವಳು ಅಲ್ಲಿಂದಲೇ ಹುಕುಂ ಕೊಡುತ್ತಿದ್ದಳು. ಅವನು ಎಲ್ಲಕ್ಕೂ ಹೂಂಗುಟ್ಟುತ್ತಿದ್ದ.

ಮುಗಿದ ಮೇಲೆ ಬಗ್ಗಿ ನೋಡಿದಳು. ಸುತ್ತಲೂ ಕಡ್ಡಿಗಳು ಅಳೆದಿಟ್ಟಂತೆ ನಿಂತಿದ್ದವು. ಇಷ್ಟು ಅಂದವಾದ ಸೇತುವೆಯನ್ನು ಅವಳೂ ಕಟ್ಟಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು. ರಾತ್ರಿ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

ಆದರೆ ಕಡ್ಡಿಗಳು ಹಿಡಿಯಲಿಲ್ಲ. ದಿನ ಕಳೆದ ಹಾಗೆ ಒಂದೊಂದೇ ಸುಕ್ಕುಗಟ್ಟಿತು. ಅವಳು ಬಲಗೈ ಉಗುರಿನಿಂದ ಕೆರೆದು ನೋಡಿದಳು. ಒಳಗೆ ಹಸಿರಿರಲಿಲ್ಲ, ಕಂದಾಗಿ ಪುಡಿಪುಡಿಯಾಯಿತು. ಎಲ್ಲವೂ ಹಾಗೆಯೇ.

"ಏನೇನು ಮಾಡಿದಿರಿ, ಒಂದೂ ಬಿಡದೆ ಹೇಳಿ," ಎಂದಳು.

ಅವನು ಹೇಳುತ್ತಾ ಹೋದ. ಸೀಳಿದೆ, ತೊಗಟೆ ಬಿಡಿಸಿದೆ, ಕಡ್ಡಿ ಕೊಯ್ದೆ. "ಒಳಗೆಲ್ಲ ಲೋಳೆಲೋಳೆ ಇತ್ತು ನೋಡು. ಮರದ ಮೇಲೂ, ಕಡ್ಡಿ ಮೇಲೂ. ಕೈ ಜಾರ್ತಾ ಇತ್ತು. ಒದ್ದೆ ಬಟ್ಟೆಗೆ ಯಾರಾದರೂ ಹೊಲಿಗೆ ಹಾಕ್ತಾರಾ? ಒಳ್ಳೆ ಹತ್ತಿಬಟ್ಟೆ ತಗೊಂಡು ತಿಕ್ಕಿತಿಕ್ಕಿ ಒರೆಸಿ, ಒಣಗಿಸಿ, ಆಮೇಲೆ ಕೂರಿಸಿದೆ."

ಕಸಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮರದಲ್ಲಿ ಬೆಳೆಯುವ ಶಕ್ತಿ ಇರುವುದೇ ಆ ಲೋಳೆ ಪದರದಲ್ಲಿ. ಒಳಕ್ಕೆ ಕಟ್ಟಿಗೆ ಹುಟ್ಟಿಸುವುದೂ ಅದೇ, ಹೊರಕ್ಕೆ ತೊಗಟೆ ಹುಟ್ಟಿಸುವುದೂ ಅದೇ. ಕಡ್ಡಿಯ ಲೋಳೆಗೆ ಮರದ ಲೋಳೆ ತಾಗಿದರೆ ಮಾತ್ರ ಎರಡೂ ಬೆಸೆಯುತ್ತವೆ. ಇವನು ಜೀವವನ್ನು ಒರೆಸಿ ತೆಗೆದು ಹೆಣಕ್ಕೆ ಹೆಣ ಹೊಲಿದಿದ್ದ. ಅವಳು ಬಾಯಿಗೆ ಬಂದಂತೆ ಬೈದಳು. ಅವನ ಹತ್ತಿಬಟ್ಟೆಯನ್ನೂ ಬಿಡಲಿಲ್ಲ. ಬೈದು ಸುಸ್ತಾದ ಮೇಲೆ ಬೆಂಚಿನ ಮೇಲೆ ಕೂತು, ಹಲ್ಲಿನಿಂದ ಕೈಪಟ್ಟಿಯ ಕಟ್ಟು ಬಿಚ್ಚತೊಡಗಿದಳು.

"ಏನು ಮಾಡ್ತಾ ಇದ್ದೀಯ?"

"ನಾನೇ ಮಾಡ್ತೀನಿ. ಈ ವಾರ ದಾಟಿದರೆ ತೊಗಟೆ ಅಂಟಿಕೊಳ್ಳುತ್ತೆ, ಆಮೇಲೆ ಬಿಡಿಸೋಕೆ ಬರಲ್ಲ. ಬೆರಳು ಹೋದರೆ ಹೋಗಲಿ."

ದರ್ಜಿ ಅವಳ ಎದುರು ಮೊಣಕಾಲೂರಿ ಕೂತು ಬಿಚ್ಚಿದ ಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಾಮಾನ್ಯವಾಗಿ ಅವಳ ಮಾತಿಗೆ ಎದುರಾಡುವ ಗಂಡಸಲ್ಲ ಅವನು.

"ಇನ್ನೂ ಬೈಯಿ, ಕೇಳಿಸ್ಕೊಳ್ತೀನಿ. ಇದನ್ನ ಮಾತ್ರ ಬಿಚ್ಚಬೇಡ. ಬೆರಳು ಹಾಳು ಮಾಡ್ಕೊಂಡರೆ ಈ ಮರ ಒಂದೇ ಅಲ್ಲ, ಮುಂದೆ ಯಾವ ಗಿಡಾನೂ ನೀನು ಕಟ್ಟಲ್ಲ. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನನಗೆ ಕಲಿಸಿದ್ದು ಸಾಲದು, ಇನ್ನೊಂದು ಸಲ ಕಲಿಸು."

ತಪ್ಪು ಎಲ್ಲಿಯದು ಎಂದು ಅವಳಿಗೂ ಹೊಳೆದಿತ್ತು. ಎಲ್ಲ ಹೇಳಿದ್ದಳು, ಆ ಲೋಳೆಯ ಮಾತೊಂದನ್ನು ಬಿಟ್ಟು. ಅವಳ ಬೆರಳಿಗೆ ಅದು ಉಸಿರಿನಷ್ಟು ಅಭ್ಯಾಸ. ಅದನ್ನೂ ಒಬ್ಬರಿಗೆ ಹೇಳಿಕೊಡಬೇಕೆಂದು ತೋಚಿರಲೇ ಇಲ್ಲ. ಕಟ್ಟು ಮತ್ತೆ ಬಿಗಿಸಲು ಕೈ ಮುಂದೆ ಚಾಚಿದಳು.

ಬೆಳಗಾಗುತ್ತಲೇ ಇಬ್ಬರೂ ಬುಡದ ಬಳಿ ಇದ್ದರು. ಈ ಸಲ ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಮರದ ಆ ಕಡೆ ಅವಳು, ಈ ಕಡೆ ಅವನು, ಇಬ್ಬರೂ ನೆಲದ ಮೇಲೆ ಬೋರಲು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಅವಳ ಎಡಗೈ ಮಾತ್ರ ಇಟ್ಟಿಗೆಯ ಮೇಲೆ ಮಹಾರಾಜನಂತೆ ಒರಗಿತ್ತು. ಬೀದಿಯಲ್ಲಿ ಹೋಗುವವರು ಬೇಲಿಯಾಚೆ ನಿಂತು ನೋಡಿ, ಏನು ಕೇಳುವುದೆಂದು ತೋಚದೆ ಮುಂದೆ ನಡೆದರು.

ಅವನು ಹಳೆಯ ಸೀಳಿನ ಪಕ್ಕದಲ್ಲಿ ಹೊಸದಾಗಿ ತೊಗಟೆ ಬಿಡಿಸಿದ. ಅವಳು ಬಲಗೈಯಿಂದ ಅವನ ತೋರುಬೆರಳು ಹಿಡಿದು, ಬಿಡಿಸಿದ ತೊಗಟೆಯ ಒಳಮೈಗೆ ಹಗುರವಾಗಿ ಮುಟ್ಟಿಸಿದಳು.

"ಜಾರುತ್ತಲ್ಲ, ಅದೇ ಕಣ್ರೀ ಜೀವ. ಒಂದು ಸಲ ಮುಟ್ಟಿ ತಿಳ್ಕೊಳ್ಳಿ, ಇನ್ನು ಮುಟ್ಟಬೇಡಿ. ಗಾಳಿಗೂ ಬಿಡಬೇಡಿ. ಕೊಯ್ದ ತಕ್ಷಣ ಕೂರಿಸಿ."

ಅವನು ಚೂರಿ ಎತ್ತಿಕೊಂಡ. ಒರೆಸಲು ಬೆರಳು ತುಡಿಯುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಅವನು ಒರೆಸಲಿಲ್ಲ. ಕಡ್ಡಿ ಜಾರಿತು, ಹಿಡಿದ. ಮತ್ತೆ ಜಾರಿತು. ಅವಳು ಬಲಗೈ ಚಾಚಿ ಒತ್ತಿಕೊಂಡಳು, ಅವನು ಕಡ್ಡಿ ಅಲುಗದಂತೆ ಸಣ್ಣ ಮೊಳೆ ಹೊಡೆದ. ಈ ಸಲ ಕಡ್ಡಿಗಳು ಸೊಟ್ಟಸೊಟ್ಟ ನಿಂತವು, ಮೇಣ ದಪ್ಪದಪ್ಪ ಮೆತ್ತಿಕೊಂಡಿತು. ದರ್ಜಿಗೆ ಅದನ್ನು ನೋಡಲೂ ನಾಚಿಕೆ. ಕಸಿಯಮ್ಮ ಒಂದೊಂದನ್ನೂ ಮೂಸಿ ನೋಡುವಷ್ಟು ಹತ್ತಿರದಿಂದ ಪರೀಕ್ಷಿಸಿ, "ಇರಲಿ," ಎಂದಳು.

ಆಮೇಲಿನ ದಿನಗಳಲ್ಲಿ ಅವಳು ಕೆರೆದು ನೋಡಲಿಲ್ಲ, ಅವನಿಗೂ ನೋಡಲು ಬಿಡಲಿಲ್ಲ. ಮರದ ಎಲೆ ಸ್ವಲ್ಪ ಹಳದಿಗೆ ತಿರುಗಿತು. ಮೈದುನ ಎರಡು ಸಲ ಬಂದು, ಎರಡು ಸಲವೂ ಬಾಯಿಬಿಡದೆ ನೀರು ಹೊತ್ತು ಹಾಕಿ ಹೋದ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಕೈಪಟ್ಟಿ ಬಿಚ್ಚಿದರು. ಬೆರಳು ಅರ್ಧ ಮಾತ್ರ ಮಡಚಿತು. ದಿನವೂ ಮಡಚಿಸುತ್ತಿರಿ, ನೋವಾದರೂ ಮಡಚಿಸುತ್ತಿರಿ ಎಂದರು ಡಾಕ್ಟರಮ್ಮ.

ಅವತ್ತು ಅವಳು ಬಸ್ಸಿಳಿದು ಬರುವಷ್ಟರಲ್ಲಿ ದರ್ಜಿ ಅಂಗಡಿ ಬಿಟ್ಟು ಗೇಟಿನಲ್ಲಿ ಕಾಯುತ್ತಿದ್ದ. ಅವಳ ಬೆರಳಿನ ವಿಷಯ ಕೇಳುವ ವ್ಯವಧಾನವೂ ಅವನಿಗಿರಲಿಲ್ಲ, ತೋಳು ಹಿಡಿದು ಮರದ ಬುಡಕ್ಕೆ ಕರೆದುಕೊಂಡು ಹೋದ. ಸೊಟ್ಟ ಕಡ್ಡಿಗಳಲ್ಲಿ ಮೂರು ದಪ್ಪಗಾಗಿದ್ದವು. ಮೂರರ ನಡುವಿನಲ್ಲೂ ಎಳೆ ಹಸಿರು ಚಿಗುರು ಒಡೆದಿತ್ತು.

"ನಾನು ಕಟ್ಟಿದ್ದು," ಎಂದ ಅವನು. ಕಣ್ಣಲ್ಲಿ ನೀರು ತುಂಬಿತ್ತು. "ನನ್ನ ಕೈಯಲ್ಲಿ ಏನೋ ಚಿಗುರಿತಲ್ಲೇ."

ಕಸಿಯಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿದಳು.

"ಹಿಡಿದಿದೆ ರೀ. ಈಗ ಆ ಚಿಗುರನ್ನ ಚಿವುಟಿಬಿಡಿ."

ಅವನು ಅವಳಿಗೆ ಹುಚ್ಚೇ ಎನ್ನುವ ಹಾಗೆ ನೋಡಿದ.

"ಚಿಗುರು ಬಿಟ್ಟರೆ ಕಡ್ಡಿ ತಾನೇ ಮರವಾಗೋಕೆ ಹೊರಡುತ್ತೆ, ದಾರೀಲಿ ಹೋಗೋ ಊಟಾನ ತಾನೇ ತಿನ್ನುತ್ತೆ. ಬೇರಿಗೆ ಏನು ಉಳಿಯುತ್ತೆ? ಅದು ಸೇತುವೆಯಾಗೇ ಇರಬೇಕು."

"ನನ್ನ ಕೈಲಾಗಲ್ಲ," ಎಂದ ದರ್ಜಿ. "ಇಷ್ಟೆಲ್ಲ ಮಾಡಿ ನಾನೇ ಹೇಗೆ ಚಿವುಟಲಿ?" ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅವಳು ಮಣ್ಣಿನ ಮೇಲೆ ಕೂತಳು. ಬಲಗೈ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡು ಎಡಗೈ ಚಾಚಿದಳು. ಹೆಬ್ಬೆರಳು ತೋರುಬೆರಳಿನ ತನಕ ಬರಲಿಲ್ಲ, ನಡುದಾರಿಯಲ್ಲೇ ನಿಂತಿತು. ಇನ್ನಷ್ಟು ಮಡಚಿದಳು. ಮುಂಗೈ ಒಳಗೆ ಏನೋ ಬಿಗಿದು ಎಳೆಯಿತು, ಹಣೆಯಲ್ಲಿ ಬೆವರು ಒಡೆಯಿತು. ಸಾಕು ಬಿಡು ಎಂದು ಅವನು ಬಗ್ಗಿದ. ಅವಳು ತಲೆಯಾಡಿಸಿ ಬೇಡವೆಂದಳು. ಬೆರಳು ನಡುಗಿತು, ಜಾರಿತು, ಮತ್ತೆ ಬಂತು. ಕೊನೆಗೆ ಚಿಗುರು ಎರಡು ಬೆರಳುಗಳ ನಡುವೆ ಸಿಕ್ಕಿತು. ಅವಳು ಚಿವುಟಿದಳು.

"ಇನ್ನೊಂದು ಎಲ್ಲಿ?" ಎಂದಳು, ಕಣ್ಣೊರೆಸಿಕೊಳ್ಳದೆಯೇ. "ತೋರಿಸಿ."