ಕೂರದ ಚಿಲಕ

ಮೆರ್ಸಿನ್ ಬಂದರಿನ ಹಿಂದಿನ ಓಣಿಯ ನೆಲಮಹಡಿಯ ಮನೆಯೊಂದರಲ್ಲಿ ನೆಜಾಹತ್ ಮೂರು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಅಡುಗೆಮನೆಯಿಂದ ಓಣಿಗೆ ತೆರೆಯುವ ಪ್ಲಾಸ್ಟಿಕ್ ಚೌಕಟ್ಟಿನ ಬಾಗಿಲು ಜಗ್ಗಿತ್ತು. ಎಷ್ಟು ತಳ್ಳಿದರೂ ಚಿಲಕದ ನಾಲಗೆ ತನ್ನ ತೂತಿಗೆ ಹೋಗದು. ಅದು ಕೂರದೆ ಬೀಗವೂ ತಿರುಗದು. ಮನೆಯಿಂದ ಹೊರಬೀಳಲು ಅತ್ತೆ ಮುಜೆಯ್ಯೆನ್‌ಗೆ ಅಷ್ಟೇ ಸಾಕಾಗಿತ್ತು.

ಮುಜೆಯ್ಯೆನ್ ಮೂವತ್ತು ವರ್ಷ ನಿಂಬೆಹಣ್ಣು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತವಳು. ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ ಎಂಬುದು ಈಗ ಅವಳಿಗೆ ನೆನಪಿಲ್ಲ. ಬೆಳಗಿನ ಐದಕ್ಕೆ ತಲೆವಸ್ತ್ರ ಸುತ್ತಿಕೊಂಡು, ಬಸ್ಸು ತಪ್ಪುತ್ತದೆಂದು ಹೊರಟುಬಿಡುವಳು. ಎರಡು ಸಲ ಹೆದ್ದಾರಿಯ ಅಂಚಿನಲ್ಲಿ ಸಿಕ್ಕಿದ್ದಳು. ಮಗ ಇರ್ಫಾನ್ ಲಾರಿ ಹತ್ತಿ ಗಡಿಯಾಚೆ ಹೋದರೆ ಹತ್ತು ದಿನ ಇತ್ತ ಸುಳಿಯುವುದಿಲ್ಲ. ಹಗಲು ಅತ್ತೆಯನ್ನು ಪಕ್ಕದ ಮನೆಯವಳಿಗೊಪ್ಪಿಸಿ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯಲು ಹೋಗುವ ನೆಜಾಹತ್, ರಾತ್ರಿ ಬಾಗಿಲ ಹಿಡಿಯನ್ನು ಹಳೆಯ ಶಾಲಿನಿಂದ ಪಕ್ಕದ ಸಿಂಕಿನ ಕೆಳಗಿನ ಪೈಪಿಗೆ ಬಿಗಿದು, ಅಲ್ಲೇ ನೆಲದ ಮೇಲೆ ಮಲಗುವಳು.

ಐದನೆಯ ಸಲ ಫೋನ್ ಮಾಡಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಬಾಗಿಲು ರಿಪೇರಿಯ ಮೇಸ್ತ್ರಿ ಸೆಯ್ಫಿ ಉಸ್ತಾ ಬಂದ. ಅರವತ್ತು ದಾಟಿದ ಆಸಾಮಿ. ನೋಯುವ ಬಲಭುಜವನ್ನು ಹಿಡಿದುಕೊಂಡೇ ಒಳಗೆ ಬಂದು, ಚಹಾ ಬೇಡ ಎನ್ನುತ್ತಲೇ ಎರಡು ಲೋಟ ಕುಡಿದ. ಆಮೇಲೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಶಾಲನ್ನು ಮುಟ್ಟಿ ನೋಡಿದ.

"ಇದನ್ನ ಕಟ್ಟಿದ್ದು ಯಾರಕ್ಕಾ?"

"ನಾನೇ. ನೀವು ಬರೋವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರ್ಬೇಕಿತ್ತಾ?"

"ತಡ ಮಾಡಿದ್ದು ನನ್ ತಪ್ಪೇ ಬಿಡಿ. ಆದ್ರೆ ನೋಡಿ, ಬಾಗಿಲು ಮೊದ್ಲು ಕೂದಲೆಳೆಯಷ್ಟು ಇಳಿದಿತ್ತೇನೋ. ಅಮ್ಮ ಒಳಗೆ ಎಳೀತಾರೆ, ನಿಮ್ ಗಂಟು ಕೆಳಗೆ ಎಳೆಯುತ್ತೆ. ಈಗ ಕಡ್ಲೆಕಾಳಿನಷ್ಟು ಇಳಿದು ಕೂತಿದೆ."

ಇಷ್ಟು ದಿನ, ರಾತ್ರಿ ರಾತ್ರಿ ತಾನೇ ಬಾಗಿಲನ್ನು ಕೆಡಿಸುತ್ತಿದ್ದೆ ಎಂಬುದು ನೆಜಾಹತ್‌ಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಳು ಬರಬೇಕಿತ್ತು, ಆಕಳಿಕೆ ಬಂತು.

ಬಾಗಿಲನ್ನು ಹೊರುವ ಕೆಳಗಿನ ತಿರುಗಣಿಯ ತಿರುಪನ್ನು ಆರುಮೂಲೆಯ ಕೀಲಿಯಿಂದ ತಿರುಗಿಸಿದರೆ ಬಾಗಿಲು ಮೇಲೇಳುತ್ತದೆ, ಆದರೆ ಭಾರವನ್ನು ಯಾರಾದರೂ ಎತ್ತಿ ಹಿಡಿಯಬೇಕು, ತನ್ನ ಭುಜಕ್ಕೆ ಆಗದು ಎಂದ ಸೆಯ್ಫಿ. ಬಾಗಿಲ ಕೆಳಗೆ ಸಲಾಕೆ ತೂರಿಸಿ ಅದರ ತುದಿಯನ್ನು ನೆಜಾಹತ್ ಕೈಗೆ ಕೊಟ್ಟ. ಅವಳು ಎತ್ತಿದಳು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಸೋತ ಮಣಿಕಟ್ಟು ನಿಲ್ಲಲಿಲ್ಲ. ಎರಡು ಸಲ ಸಲಾಕೆ ಜಾರಿತು.

ಅಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮುಜೆಯ್ಯೆನ್ ಎದ್ದು ಬಂದಳು.

"ಬೆನ್ನಿಂದ ಎತ್ತಬೇಡ್ವೇ ಹುಡುಗಿ, ಮೊಣಕಾಲಿಂದ ಎತ್ತು. ಹೊಸಬಳಾ?"

ನೆಜಾಹತ್ ಅವಳ ಮುಖ ನೋಡಿದಳು. "ಹೂಂ, ಹೊಸಬಳು."

"ಇವಳನ್ನ ನನ್ ಪಕ್ಕ ಹಾಕಿ ಉಸ್ತಾ. ಕಲಿಸ್ತೀನಿ."

ಅತ್ತೆ ಪಾದ ಅಗಲಿಸಿ ನಿಂತಳು, ಸೊಸೆಯ ಕೈಗಳ ನಡುವೆ ತನ್ನ ಕೈ ಇಟ್ಟಳು, ಮೊಣಕಾಲು ಬಗ್ಗಿಸಿ ಉಸಿರು ಬಿಡುತ್ತ ಎದ್ದಳು. ಬಾಗಿಲೂ ಎದ್ದಿತು. ಸೆಯ್ಫಿ ಅವಸರವಿಲ್ಲದೆ ತಿರುಪು ತಿರುಗಿಸುತ್ತಿದ್ದರೂ ಆ ಎಪ್ಪತ್ತೆಂಟರ ಕೈ ನಡುಗಲಿಲ್ಲ. ಇಳಿಸಿ ಮುಚ್ಚಿದಾಗ ನಾಲಗೆ ಟಕ್ಕೆಂದು ಕೂತಿತು, ಬೀಗ ತಿರುಗಿತು. ಮತ್ತೆ ಗಂಟು ಹಾಕಬೇಡಿ ಎಂದು ಹೇಳಿ ಸೆಯ್ಫಿ ಹೊರಟ. ಮುಜೆಯ್ಯೆನ್‌ಗೆ ಮಾತ್ರ ತಲೆಬಾಗಿ, ಎತ್ತಿಕೊಟ್ಟ ಕೈ ಸುಖವಾಗಿರಲಿ ತಾಯಿ ಎಂದ.

ಅಂದು ರಾತ್ರಿ ನೆಜಾಹತ್ ಬೀಗದಕೈಯನ್ನು ದಿಂಬಿನಡಿ ಇಟ್ಟು ತನ್ನ ಹಾಸಿಗೆಯಲ್ಲಿ ಮಲಗಿದಳು. ಬೆಳಗಿನ ಐದಕ್ಕೆ ಬಾಗಿಲ ಹಿಡಿ ಅಲುಗಿತು. ಬಾಗಿಲು ತೆರೆಯದು, ಏಳಬೇಕಿಲ್ಲ. ಅವಳು ಕಣ್ಣು ಮುಚ್ಚಿಯೇ ಇದ್ದಳು. ಹಿಡಿ ಮತ್ತೆ ಅಲುಗಿತು. ಅತ್ತೆ ಬಾಗಿಲಿಗೇ ಮೆಲ್ಲಗೆ ಹೇಳುತ್ತಿದ್ದಳು: ಬಸ್ಸು ಹೋಗ್ಬಿಡುತ್ತೆ, ತೆಗೀರಪ್ಪ.

ನೆಜಾಹತ್ ಎದ್ದು ಬೀಗ ತೆಗೆದು, ಅತ್ತೆಯ ತೋಳು ಹಿಡಿದು ಓಣಿಯ ತಿರುವಿನವರೆಗೆ ನಡೆದಳು. ಇಬ್ಬರೂ ಮನೆಚಪ್ಪಲಿಯಲ್ಲೇ ನಿಂತು ಖಾಲಿ ರಸ್ತೆ ನೋಡಿದರು.

"ಇವತ್ತು ರಜೆ ಇರ್ಬೇಕು," ಎಂದಳು ಮುಜೆಯ್ಯೆನ್.

"ಹೌದಮ್ಮ, ರಜೆ."

"ಮತ್ತೆ ಯಾಕೆ ನಿಂತಿದೀಯ? ಮುಖ ನೋಡ್ಕೋ, ಬಾಡಿದ ಬದನೆಕಾಯಿ ಆಗಿದೆ. ಹೋಗಿ ಮಲ್ಕೋ."

ಕೆಲಸಕ್ಕೆ ಇನ್ನೂ ಎರಡು ಗಂಟೆಯಿತ್ತು. ಒಳಗೆ ಬಂದು ಬೀಗ ಹಾಕಿ, ನೆಜಾಹತ್ ಆ ಎರಡು ಗಂಟೆಯೂ ಮಲಗಿದಳು.